ಮುದ್ರಾ ಸಿಸಿ ಖಾತೆ: ಸಾಲಕ್ಕೆ ನಾಲ್ಕು ಅಂಕ, ಶಾಖೆಗೆ ಎರಡೂವರೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. ಒಂಬತ್ತು ಯಂತ್ರ, ಒಂದು ಕಟಿಂಗ್ ಮೇಜು, ಹನ್ನೊಂದು ಜನ ಕೆಲಸಗಾರರು. ಅವರಲ್ಲಿ ಎಂಟು ಮಂದಿ ಹೆಂಗಸರು. ಎರಡು ವರ್ಷಗಳಿಂದ ಊರಿನ ಒಂದು ಸರ್ಕಾರಿ ಬ್ಯಾಂಕಿನ ಶಾಖೆಯಲ್ಲಿ ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯಡಿ ಸಿಸಿ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆ ನಡೆಸುತ್ತಿದ್ದೇನೆ. ಈ ಬರಹ ಆ ಸೇವೆಯ ವಿಮರ್ಶೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ನವೀಕರಣಕ್ಕೆ ಮತ್ತೆ ಅದೇ ಮೇಜಿನ ಮುಂದೆ ಕೂರಬೇಕಾದವಳು ನಾನು.

ಸಾಲ ಸಿಕ್ಕಿದೆ ಎಂದು ಗೊತ್ತಾದ ಕೂಡಲೇ ಓಣಿಯವರು ಕೇಳುವ ಮೊದಲ ಪ್ರಶ್ನೆ, "ಬಡ್ಡಿ ಎಷ್ಟು ಬಿತ್ತು ಅಕ್ಕ?" ಎರಡನೆಯದು, "ಸಬ್ಸಿಡಿ ಎಷ್ಟು ಬಂತು?" ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ಬಡ್ಡಿ ನನಗೆ ಶೇ 10.5ರ ಆಸುಪಾಸಿನಲ್ಲಿದೆ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕಂತಿನ ಸಾಲವೋ, ಸಿಸಿಯೋ? ನಮ್ಮಂಥ ಕಸುಬಿನವರಿಗೆ ಬ್ಯಾಂಕು ಕೈ ಹಿಡಿಯುತ್ತದೆಯೋ ಕುತ್ತಿಗೆ ಹಿಡಿಯುತ್ತದೆಯೋ ಎಂಬುದು ಅದರ ಮೇಲೆ ನಿಂತಿದೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಡೆನಿಮ್ ಬಟ್ಟೆ ಅಹಮದಾಬಾದ್ ಕಡೆಯಿಂದ ಬರುತ್ತದೆ. ಇಲ್ಲಿನ ಬಟ್ಟೆ ವ್ಯಾಪಾರಿ ನಗದು ಕೇಳುತ್ತಾನೆ. ಮುಖಪರಿಚಯ ಗಟ್ಟಿಯಿದ್ದರೆ ಹದಿನೈದು ದಿನ ಉದ್ರಿ. ಒಂದು ಪ್ಯಾಂಟಿಗೆ ಸುಮಾರು ಒಂದೂಕಾಲು ಮೀಟರ್ ಬಟ್ಟೆ ಬೇಕು. ನನ್ನ ಪುಸ್ತಕದ ಪ್ರಕಾರ ಬಟ್ಟೆಗೆ 190 ರೂಪಾಯಿ, ಹೊಲಿಗೆಗೆ 60, ಜಿಪ್ಪು, ಗುಂಡಿ, ರಿವೆಟ್, ದಾರ, ಲೇಬಲ್ ಸೇರಿ 25, ವಾಷಿಂಗಿಗೆ 35. ಒಟ್ಟು 310 ರೂಪಾಯಿ. ಮಾರುವುದು 380ಕ್ಕೆ. ತಿಂಗಳಿಗೆ ಸಾವಿರ ಪೀಸು ಹೊರಬಿದ್ದರೆ 3 ಲಕ್ಷದ 10 ಸಾವಿರ ರೂಪಾಯಿ ನನ್ನ ಕೈಬಿಟ್ಟು ಹೋಗಿರುತ್ತದೆ. ಮಾಲು ಹುಬ್ಬಳ್ಳಿ, ದಾವಣಗೆರೆ, ಕರ್ನೂಲು, ಹೈದರಾಬಾದಿನ ಹೋಲ್‌ಸೇಲ್ ಅಂಗಡಿಗಳನ್ನು ಸೇರುತ್ತದೆ. ಹಣ ಬರುವುದು ಎರಡು ತಿಂಗಳಿಗೆ, ಕೆಲವರದು ಮೂರು ತಿಂಗಳಿಗೆ. ಅಷ್ಟರೊಳಗೆ ಮುಂದಿನ ಸಾವಿರ ಪೀಸಿಗೆ, ಅದರ ಮುಂದಿನದಕ್ಕೂ ಬಟ್ಟೆ ಕೊಳ್ಳಬೇಕು. ಪ್ರತಿ ಶನಿವಾರ ಬಟವಾಡೆ ಮಾಡಬೇಕು. ಪೀಸ್ ರೇಟಿನ ಮೇಲೆ ದುಡಿಯುವ ಹೆಂಗಸಿನ ಮುಂದೆ ಹೈದರಾಬಾದಿನವರು ಇನ್ನೂ ಕೊಟ್ಟಿಲ್ಲ ಎಂಬ ಮಾತು ನಡೆಯುವುದಿಲ್ಲ. ಹೀಗೆ ಪುಸ್ತಕದಲ್ಲಿ ಲಾಭ ಇರುತ್ತದೆ, ಪೆಟ್ಟಿಗೆಯಲ್ಲಿ ದುಡ್ಡಿರುವುದಿಲ್ಲ. ಈ ಬಜಾರಿನಲ್ಲಿ ಬಾಗಿಲು ಹಾಕಿದ ಘಟಕಗಳನ್ನು ನಾನು ಕಂಡಿದ್ದೇನೆ. ಆರ್ಡರ್ ಇಲ್ಲದೆ ಮುಳುಗಿದವರಿಗಿಂತ ಆರ್ಡರ್ ಹೆಚ್ಚಾಗಿ ಮುಳುಗಿದವರೇ ಅವರಲ್ಲಿ ಹೆಚ್ಚು.

ಈ ಎರಡು ತಿಂಗಳನ್ನು ದಾಟಿಸಲು ಊರಿನಲ್ಲಿ ಸುಲಭವಾಗಿ ಸಿಗುವುದು ಕೈಸಾಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಅದು ತಿಂಗಳ ಲೆಕ್ಕ. ಮೂರು ಲಕ್ಷವನ್ನು ಎರಡು ತಿಂಗಳಿಗೆ ತಂದರೆ 18 ಸಾವಿರ ಬಡ್ಡಿ. ಸಾವಿರ ಪೀಸಿನಿಂದ ಬರುವ 70 ಸಾವಿರದಲ್ಲಿ ಬಾಡಿಗೆ, ಕರೆಂಟು, ಸಾಗಣೆ, ಕೆಟ್ಟ ಪೀಸು ಕಳೆದು ಉಳಿಯುವುದರ ಅರ್ಧಭಾಗ ಅಲ್ಲಿಗೆ ಸಂದಾಯ. ದಿನವಹಿ ಫೈನಾನ್ಸ್ ಇನ್ನೂ ಚೆಂದ. ಹತ್ತು ಸಾವಿರ ಎಂದು ಬರೆಸಿಕೊಂಡು ಎಂಟೂವರೆ ಸಾವಿರ ಕೈಗಿಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ವಸೂಲಿ ಮಾಡುತ್ತಾರೆ. ಅಸಲು ದಿನದಿನವೂ ಕರಗುವುದನ್ನು ಗಣನೆಗೆ ತೆಗೆದುಕೊಂಡರೆ ಅದು ವರ್ಷಕ್ಕೆ ನೂರಕ್ಕೆ ನೂರನ್ನೂ ಮೀರಿದ ಬಡ್ಡಿ. ಅದೇ ಮೂರು ಲಕ್ಷ ನನ್ನ ಸಿಸಿ ಖಾತೆಯಲ್ಲಿ ಅರವತ್ತು ದಿನ ಇದ್ದರೆ ಬೀಳುವ ಬಡ್ಡಿ 5,200 ರೂಪಾಯಿಯ ಒಳಗೆ. ಆಚೆ 18 ಸಾವಿರ, ಈಚೆ ಐದು ಸಾವಿರ. ಶಾಖೆಯ ಬಗ್ಗೆ ಮುಂದೆ ಎಷ್ಟೇ ಗೊಣಗಿದರೂ ಈ ವ್ಯತ್ಯಾಸವನ್ನು ಮರೆತು ಗೊಣಗುವುದಿಲ್ಲ.

ಮುದ್ರಾ ಎಂದರೇನು ಎಂಬುದರ ಬಗ್ಗೆ ನಮ್ಮಲ್ಲಿ ಇನ್ನೂ ಗೊಂದಲವಿದೆ. "ಮುದ್ರಾ ಆಫೀಸು ಬಳ್ಳಾರಿಯಲ್ಲಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಅಂಥ ಆಫೀಸು ಇಲ್ಲ. 2015ರ ಏಪ್ರಿಲ್ 8ರಂದು ಆರಂಭವಾದ ಈ ಯೋಜನೆಯಲ್ಲಿ ಮುದ್ರಾ ಸಂಸ್ಥೆ ನೇರವಾಗಿ ನಮಗೆ ಸಾಲ ಕೊಡುವುದಿಲ್ಲ. ಕೊಡುವುದು ಬ್ಯಾಂಕು, ನಿರ್ಧರಿಸುವುದೂ ಬ್ಯಾಂಕು. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. 2024ರ ಬಜೆಟ್ಟಿನಲ್ಲಿ ಘೋಷಿಸಿದ ತರುಣ ಪ್ಲಸ್ 20 ಲಕ್ಷದವರೆಗೆ ಹೋಗುತ್ತದೆ, ಆದರೆ ಅದು ತರುಣ ಸಾಲವನ್ನು ತೆಗೆದುಕೊಂಡು ಸರಿಯಾಗಿ ತೀರಿಸಿದವರಿಗೆ ಮಾತ್ರ. ನಡುವೆ ನಿಂತು ಸಾಲ ಮಾಡಿಸಿಕೊಡುತ್ತೇನೆ, ನೂರಕ್ಕೆ ಐದು ಕೊಡಿ ಎನ್ನುವವರು ಬಜಾರಿನ ಚಹಾದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಅವರಿಂದ ಆಗುವ ಕೆಲಸ ಅರ್ಜಿ ತುಂಬುವುದಷ್ಟೇ, ಅದನ್ನು ಪಿಯುಸಿ ಓದಿದ ನನ್ನ ಮಗಳು ಸರ್ಕಾರದ ಜನಸಮರ್ಥ್ ಜಾಲತಾಣದಲ್ಲಿ ಮಾಡಿ ಮುಗಿಸಿದಳು. ಸಣ್ಣ ಘಟಕಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯೂ ಹಾಗೆಯೇ. ಆಧಾರ್, ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಸೈಬರ್ ಅಂಗಡಿಯಲ್ಲಿ ಐನೂರು ಕೇಳಿದರೆ ಎದ್ದು ಬನ್ನಿ.

ಇನ್ನು ಶಾಖೆಯ ವಿಚಾರ. ಸಾಲದ ಅಧಿಕಾರಿ ನನ್ನ ಕಾಗದಗಳನ್ನು ನೋಡಿದ ಕೂಡಲೇ ಐದು ಲಕ್ಷದ ಕಂತಿನ ಸಾಲ ಕೊಡಲು ಸಿದ್ಧರಿದ್ದರು. ಐದು ವರ್ಷ, ಶೇ 11, ತಿಂಗಳಿಗೆ 10,870 ರೂಪಾಯಿ ಕಂತು. ಬಹಳ ಜನ ಇಲ್ಲಿಗೇ ಕೈಮುಗಿದು ಸಹಿ ಹಾಕಿಬಿಡುತ್ತಾರೆ. ಯಂತ್ರ ಕೊಳ್ಳುವುದಿದ್ದರೆ ಅದು ಸರಿಯೇ. ನನಗೆ ಯಂತ್ರ ಬೇಕಿರಲಿಲ್ಲ, ಇದ್ದ ಯಂತ್ರಗಳಿಗೆ ಹಾಕಲು ಬಟ್ಟೆ ಬೇಕಿತ್ತು. ಕಂತಿನ ಸಾಲದ ಹಣವನ್ನು ಬಟ್ಟೆಗೆ ಹಾಕಿದರೆ ಮೊದಲ ತಿಂಗಳಿಂದಲೇ ಕಂತು ಶುರುವಾಗುತ್ತದೆ, ನನ್ನ ಹಣ ಮೂರನೇ ತಿಂಗಳಿಗೆ ಬರುತ್ತದೆ. ಮಳೆಗಾಲದಲ್ಲಿ ಆರ್ಡರ್ ಕಡಿಮೆಯಾಗಿ ಸಾಲ ಬೇಕಿಲ್ಲದಿದ್ದರೂ ಕಂತು ನಿಲ್ಲುವುದಿಲ್ಲ; ರಂಜಾನ್, ದಸರಾ, ದೀಪಾವಳಿಗೆ ಮುಂಚೆ ಹಣ ಬೇಕಾದಾಗ ಕಟ್ಟಿದ ಅಸಲನ್ನು ಮತ್ತೆ ತೆಗೆಯಲು ಬರುವುದಿಲ್ಲ. ಸಿಸಿಯಲ್ಲಿ ಎರಡೂ ಸಾಧ್ಯ. ಮಿತಿಯೊಳಗೆ ಬೇಕಾದಾಗ ತೆಗೆ, ಬಂದಾಗ ಕಟ್ಟು, ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಬಡ್ಡಿ.

"ಸಿಸಿ ಎಲ್ಲ ದೊಡ್ಡ ಅಂಗಡಿಯವರಿಗೆ ಅಮ್ಮ, ನಿಮಗೆ ನಿರ್ವಹಣೆ ಕಷ್ಟ" ಎಂದರು ಅಧಿಕಾರಿ. ಕಷ್ಟ ಯಾರಿಗೆ ಎಂಬುದು ನನಗೆ ಅರ್ಥವಾಯಿತು. ಕಂತಿನ ಸಾಲವನ್ನು ಒಮ್ಮೆ ಕೊಟ್ಟರೆ ಕಂಪ್ಯೂಟರೇ ಕಂತು ಮುರಿದುಕೊಳ್ಳುತ್ತದೆ. ಸಿಸಿ ಕೊಟ್ಟರೆ ಶಾಖೆಯವರು ದಾಸ್ತಾನು ನೋಡಬೇಕು, ವರ್ಷವರ್ಷವೂ ನವೀಕರಿಸಬೇಕು. ಮುದ್ರಾದಲ್ಲಿ ದುಡಿಯುವ ಬಂಡವಾಳಕ್ಕೆ ಸಿಸಿ ಕೊಡಬಹುದು, ಅದನ್ನು ಬಳಸಲು ರುಪೇ ಮುದ್ರಾ ಕಾರ್ಡ್ ಕೂಡ ಇದೆ ಎಂದು ತಿಳಿದುಕೊಂಡೇ ಹೋಗಿದ್ದೆ. ನಾಯಕ್ ಸಮಿತಿಯ ಲೆಕ್ಕವೂ ನನ್ನ ಡೈರಿಯಲ್ಲಿತ್ತು. 1990ರ ದಶಕದ ಆರಂಭದಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಈ ಸಮಿತಿ ಹಾಕಿಕೊಟ್ಟ ಸೂತ್ರ ಬಹಳ ಸರಳ: ವರ್ಷದ ಅಂದಾಜು ವಹಿವಾಟಿನ ಕಾಲುಭಾಗ ದುಡಿಯುವ ಬಂಡವಾಳ ಬೇಕಾಗುತ್ತದೆ, ಅದರಲ್ಲಿ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು ಕೊಡಬೇಕು, ಶೇ 5ರಷ್ಟನ್ನು ಸಾಲಗಾರ ಹಾಕಬೇಕು. ಆಗಿನ ನನ್ನ ಜಿಎಸ್‌ಟಿ ವಹಿವಾಟು 28 ಲಕ್ಷ. ಶೇ 20 ಎಂದರೆ 5 ಲಕ್ಷದ 60 ಸಾವಿರ. "ನಿಮ್ಮ ಸಿ.ಎ. ಬರೆದುಕೊಟ್ಟರಾ?" ಎಂದು ಕೇಳಿದರು. ಭಾಗಾಕಾರಕ್ಕೆ ಸಿ.ಎ. ಯಾಕೆ ಬೇಕು ಸಾರ್ ಎಂದೆ. ನಕ್ಕರು, ಅಲ್ಲಿಂದ ಮಾತು ಸ್ವಲ್ಪ ಸಲೀಸಾಯಿತು.

ವಹಿವಾಟು 40 ಲಕ್ಷದೊಳಗಿದ್ದರೂ ಜಿಎಸ್‌ಟಿ ಏಕೆ ಮಾಡಿಸಿದ್ದೆ ಎಂದರೆ, ಕರ್ನೂಲು, ಹೈದರಾಬಾದ್ ಹೊರರಾಜ್ಯ. ರಾಜ್ಯದ ಗಡಿ ದಾಟಿ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಕಡ್ಡಾಯ. ಬ್ಯಾಂಕಿನ ಕಣ್ಣಿಗೆ ನಾನು ಬಿದ್ದದ್ದು ಈ ರಿಟರ್ನ್ಸ್‌ಗಳಿಂದಲೇ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಹೋದಾಗ ಬೆಂಗಳೂರಿನಲ್ಲಿ ಕ್ಯೂಆರ್ ಫಲಕ ಕಿತ್ತುಹಾಕಿದವರ ಸುದ್ದಿ ಓದಿ ನಮ್ಮ ಬಜಾರಿನಲ್ಲಿಯೂ ಕೆಲವರು ನಗದಿಗೆ ತಿರುಗಿದರು. ಅವರ ಭಯ ಸುಳ್ಳಲ್ಲ. ಆದರೆ ಖಾತೆಯ ಮೂಲಕ ಹಾಯದ ವಹಿವಾಟು ಬ್ಯಾಂಕಿನ ಪಾಲಿಗೆ ನಡೆದೇ ಇಲ್ಲ. ಅವರಲ್ಲಿ ಒಬ್ಬರು ಈಗ ನನ್ನ ಬಳಿ ಬಂದು, "ನನ್ನದು ನಿನಗಿಂತ ದೊಡ್ಡ ವ್ಯಾಪಾರ, ನನಗೇಕೆ ಎರಡೇ ಲಕ್ಷ?" ಎಂದು ಕೇಳುತ್ತಾರೆ.

ಕಾಗದಪತ್ರದಲ್ಲಿ ಎಲ್ಲಕ್ಕಿಂತ ತಲೆನೋವು ಕೊಟ್ಟದ್ದು ಬಾಡಿಗೆ ಕರಾರು. ಪ್ಯಾನ್, ಆಧಾರ್, ಉದ್ಯಮ್, ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, ಖಾತೆಯ ವಿವರ ಇವೆಲ್ಲ ನಮ್ಮ ಕೈಯಲ್ಲಿರುವ ಮಾತು. ಕಟ್ಟಡದ ಮಾಲೀಕರ ಸಹಿ ನಮ್ಮ ಕೈಯಲ್ಲಿಲ್ಲ. ವರ್ಷಗಳಿಂದ ಬಾಯಿಮಾತಿನಲ್ಲಿ ಬಾಡಿಗೆ ನಡೆಯುತ್ತಿದೆ. ಛಾಪಾ ಕಾಗದ ತಂದರೆ ಅವರಿಗೆ ತೆರಿಗೆಯವರ ಭಯ, ಕಟ್ಟಡವನ್ನು ಬ್ಯಾಂಕಿನವರು ಬರೆದುಕೊಳ್ಳುತ್ತಾರೇನೋ ಎಂಬ ಇನ್ನೊಂದು ಭಯ. ಕೊನೆಗೆ ಬಾಡಿಗೆ ಸಾವಿರ ರೂಪಾಯಿ ಏರಿಸಿಕೊಂಡು ಸಹಿ ಹಾಕಿದರು. ಸಾಲದ ನಿಜವಾದ ವೆಚ್ಚ ಲೆಕ್ಕ ಹಾಕುವವರು ಇಂಥವನ್ನೂ ಸೇರಿಸಬೇಕು. ತಿಂಗಳಿಗೆ ಸಾವಿರ ಎಂದರೆ ಐದು ಲಕ್ಷದ ಮೇಲೆ ಶೇ 2.4 ಹೆಚ್ಚುವರಿ ಬಡ್ಡಿ. ಈ ಕಾಗದ ಇಲ್ಲದೆಯೂ ಕರೆಂಟ್ ಬಿಲ್ಲು, ಸ್ಥಳ ಪರಿಶೀಲನೆ ಸಾಕು ಎಂದು ಶಾಖೆ ಹೇಳಬಹುದಿತ್ತು, ಹೇಳಲಿಲ್ಲ.

ಆಮೇಲೆ ಅಡಮಾನ. ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಸಾಲ ಮುಳುಗಿದರೆ ಬ್ಯಾಂಕಿಗೆ ಆಸರೆಯಾಗಲು ಸರ್ಕಾರದ ಖಾತರಿ ನಿಧಿಯೂ ಇದೆ. ಇಷ್ಟಿದ್ದರೂ ನನ್ನನ್ನು "ಮನೆಪತ್ರ ಯಾರ ಹೆಸರಿನಲ್ಲಿದೆ?" ಎಂದು ಕೇಳಿದರು. ನಿಯಮ ನೆನಪಿಸಿದೆ. "ಅಡಮಾನಕ್ಕಲ್ಲ, ಸುಮ್ಮನೆ ಕಡತದಲ್ಲಿರಲಿ" ಎಂದರು. ಅದನ್ನೂ ಒಪ್ಪದಿದ್ದಾಗ ಒಂದು ಲಕ್ಷದ ಠೇವಣಿ ಇಡಲು ಸೂಚಿಸಿದರು. ಒಂದು ಲಕ್ಷ ಠೇವಣಿ ಇಡುವ ಶಕ್ತಿ ಇದ್ದರೆ ಆ ದುಡ್ಡಿಗೆ ಬಟ್ಟೆ ತರುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಬ್ಯಾಂಕಿನ ಮೆಟ್ಟಿಲು ಹತ್ತಿದವರೇ ಕಟ್ಟಿರಬೇಕು. ನಾನು ಜಗಳ ಆಡಲಿಲ್ಲ. "ಠೇವಣಿ ಬೇಕು ಎಂದು ಒಂದು ಚೀಟಿ ಬರೆದುಕೊಡಿ ಸಾರ್, ಮನೆಯಲ್ಲಿ ತೋರಿಸಿ ತರುತ್ತೇನೆ" ಎಂದೆ. ಠೇವಣಿಯ ಮಾತು ಮತ್ತೆ ಬರಲಿಲ್ಲ.

ಈ ಶಾಖೆಯ ದೊಡ್ಡ ಐಬು ಇದೇ. ಇಲ್ಲಿ ಆಗುವುದಿಲ್ಲ ಎನ್ನುವುದೆಲ್ಲ ಬಾಯಲ್ಲಿ, ಆಗುತ್ತದೆ ಎನ್ನುವುದು ಮಾತ್ರ ಕಾಗದದಲ್ಲಿ. ಅರ್ಜಿ ತೆಗೆದುಕೊಂಡರೆ ಸ್ವೀಕೃತಿ ಕೊಡಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು, 25 ಲಕ್ಷದವರೆಗಿನ ಸಾಲಕ್ಕೆ 14 ಕೆಲಸದ ದಿನಗಳೊಳಗೆ ತೀರ್ಮಾನ ಹೇಳಬೇಕು. ಸಣ್ಣ ಉದ್ಯಮಗಳ ಸಾಲದ ಬಗ್ಗೆ ಬ್ಯಾಂಕುಗಳ ಮೇಲಿರುವ ನಿಯಮಗಳು ಇವು. ದಸರೆಗೆ ಬಟ್ಟೆ ತರಬೇಕೆಂದು ಹಾಕಿದ ಅರ್ಜಿಗೆ ಮಂಜೂರಾತಿ ಬಂದದ್ದು ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ. ಆ ಹಬ್ಬಕ್ಕೆ ಕೈಸಾಲವನ್ನೇ ತಂದೆ. ನನ್ನ ಜೊತೆಗೇ ಬಂದಿದ್ದ, ಬಾರ್‌ಟ್ಯಾಕ್ (ಗಟ್ಟಿ ಹೊಲಿಗೆ) ಮತ್ತು ಕಾಜಾ (ಗುಂಡಿಯ ತೂತು) ಕೆಲಸದ ಪುಟ್ಟ ಅಂಗಡಿಯ ಹೆಣ್ಣುಮಗಳು ಕಾಗದದ ಅರ್ಜಿ ಕೊಟ್ಟಿದ್ದಳು. ಅವಳದು ಎಲ್ಲಿದೆ ಎಂದು ಈಗಲೂ ಯಾರೂ ಹೇಳುತ್ತಿಲ್ಲ. ಜಾಲತಾಣದಲ್ಲಿ ಹಾಕಿದ್ದರಿಂದ ನನ್ನ ಅರ್ಜಿಗೊಂದು ಸಂಖ್ಯೆ ಇತ್ತು, ಆ ಸಂಖ್ಯೆಯನ್ನು ಕಳೆದುಹಾಕಲು ಆಗುವುದಿಲ್ಲ.

ಯಜಮಾನರ ಪ್ರಸಂಗವನ್ನೂ ಹೇಳಬೇಕು. ಅವರು ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕಿದ್ದಾರೆ. ಅವರ ತಿಂಗಳ ಸಂಬಳ ನಾನು ಎರಡು ವಾರಕ್ಕೆ ಮಾಡುವ ಬಟವಾಡೆಗಿಂತ ಕಡಿಮೆ. ಆದರೂ ಅವರನ್ನು ಸಹಅರ್ಜಿದಾರರನ್ನಾಗಿ ಮಾಡಿ ಎಂದು ಒತ್ತಾಯ. "ಸಂಬಳದ ಚೀಟಿ ಇದೆಯಲ್ಲಮ್ಮ" ಎಂಬುದೇ ಕಾರಣ. ಹನ್ನೊಂದು ಜನಕ್ಕೆ ಸಂಬಳ ಕೊಡುವವಳಿಗಿಂತ ಸಂಬಳ ಪಡೆಯುವವರ ಮೇಲೆ ಬ್ಯಾಂಕಿಗೆ ನಂಬಿಕೆ ಹೆಚ್ಚು! ಅವರು ಬಂದು ಸಹಿ ಹಾಕಿದರು. ಒಂದು ದಿನದ ಕೂಲಿ ಹೋಯಿತು ಎಂದು ಇಂದಿಗೂ ಛೇಡಿಸುತ್ತಾರೆ.

ಮೊದಲ ವರ್ಷ 5 ಲಕ್ಷ ಮಿತಿ ಸಿಕ್ಕಿತು. ಈಗ 8 ಲಕ್ಷ. ಬಳಕೆಯ ಅನುಭವ ಹೇಳುವುದಾದರೆ ಖಾತೆ ನಿಜಕ್ಕೂ ಚೆನ್ನಾಗಿದೆ. ಬಟ್ಟೆ ವ್ಯಾಪಾರಿಗೆ ಚೆಕ್ ಕೊಟ್ಟು ನಗದು ದರಕ್ಕೆ ಕೊಳ್ಳುತ್ತೇನೆ, ಮೀಟರಿಗೆ ಮೂರು ನಾಲ್ಕು ರೂಪಾಯಿ ಕಡಿಮೆಯಾಗುತ್ತದೆ. ಸಾವಿರ ಪೀಸಿಗೆ ಅದೇ ನಾಲ್ಕೈದು ಸಾವಿರ. ಬ್ಯಾಂಕಿಗೆ ಕಟ್ಟುವ ಬಡ್ಡಿ ಹೆಚ್ಚೂಕಡಿಮೆ ಅಲ್ಲಿಯೇ ವಾಪಸು ಬರುತ್ತದೆ. ಹುಬ್ಬಳ್ಳಿಯ ಹಣ ಬಂದ ದಿನ ಖಾತೆಗೆ ಜಮೆಯಾಗಿ ಬಡ್ಡಿ ಆ ದಿನದಿಂದಲೇ ಇಳಿಯುತ್ತದೆ. ತಿಂಗಳ ಕೊನೆಗೆ ಬಡ್ಡಿ ಬೀಳುತ್ತದೆ, ಅದನ್ನು ತುಂಬಿ ಮಿತಿಯೊಳಗೆ ಉಳಿದರಾಯಿತು.

ಮಿತಿ 8 ಲಕ್ಷ ಇದ್ದ ಮಾತ್ರಕ್ಕೆ 8 ಲಕ್ಷ ತೆಗೆಯಬಹುದು ಎಂದುಕೊಳ್ಳಬೇಡಿ. ತಿಂಗಳಿಗೊಮ್ಮೆ ದಾಸ್ತಾನು ಪಟ್ಟಿ ಕೊಡಬೇಕು. ಗೋದಾಮಿನ ಮಾಲು, ಬರಬೇಕಾದ ಬಾಕಿ ಕೂಡಿಸಿ, ಬಟ್ಟೆಯವರಿಗೆ ಕೊಡಬೇಕಾದದ್ದನ್ನು ಕಳೆದು, ಉಳಿದದ್ದರಲ್ಲಿ ಕಾಲುಭಾಗ ಬಿಟ್ಟರೆ ಬರುವುದೇ ಆ ತಿಂಗಳು ತೆಗೆಯಬಹುದಾದ ಮೊತ್ತ. 6 ಲಕ್ಷದ ಮಾಲು, 4 ಲಕ್ಷ ಬಾಕಿ, ಬಟ್ಟೆಯವರ 2 ಲಕ್ಷ ಉದ್ರಿ ಇದ್ದರೆ 8 ಲಕ್ಷದಲ್ಲಿ ಕಾಲುಭಾಗ ಹೋಗಿ 6 ಲಕ್ಷ. ಇದರಲ್ಲೊಂದು ಗುಟ್ಟಿದೆ: ತೊಂಬತ್ತು ದಿನ ದಾಟಿದ ಬಾಕಿಯನ್ನು ನನ್ನ ಶಾಖೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೋಲ್‌ಸೇಲ್‌ನವರು ತಡ ಮಾಡಿದಷ್ಟೂ ನನ್ನ ಸಾಲದ ಶಕ್ತಿ ಕುಗ್ಗುತ್ತದೆ, ಅಂದರೆ ಹಣ ಹೆಚ್ಚು ಬೇಕಾದ ತಿಂಗಳೇ ಬ್ಯಾಂಕು ಕೈ ಬಿಗಿ ಹಿಡಿಯುತ್ತದೆ. ನೋಂದಾಯಿತ ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಕೊಡಬೇಕೆಂಬ ಕಾನೂನು 2006ರಿಂದಲೂ ಇದೆ. ತಡ ಮಾಡಿದವರಿಗೆ ಆ ಖರ್ಚನ್ನು ಆ ವರ್ಷ ಆದಾಯ ತೆರಿಗೆಯಲ್ಲಿ ತೋರಿಸಲು ಬಿಡದ ನಿಯಮವೂ 2024ರ ಏಪ್ರಿಲ್‌ನಿಂದ ಸೇರಿಕೊಂಡಿದೆ. ಅದರ ಫಲವಾಗಿ ನನ್ನ ಒಬ್ಬ ಗಿರಾಕಿ ಈಗ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕಬೇಡ ಎನ್ನುತ್ತಾನೆ. ಹಾಕುತ್ತೇನೆ. ಅವನ ಆರ್ಡರ್ ಮೊದಲಿಗಿಂತ ಕಡಿಮೆಯಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ದಾಸ್ತಾನು ತಪಾಸಣೆಗೆ ಬಂದ ಆ ಮಧ್ಯಾಹ್ನದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಬಂದವರು ಬಿಹಾರದ ಕಡೆಯ ಚಿಕ್ಕ ವಯಸ್ಸಿನ ಅಧಿಕಾರಿ, ಬಳ್ಳಾರಿಗೆ ಬಂದು ವರ್ಷವಾಗಿರಲಿಲ್ಲ. ಏಪ್ರಿಲ್ ಬಿಸಿಲು, ತಗಡಿನ ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅವರ ಹಿಂದಿಗೆ ನಮ್ಮ ಓವರ್‌ಲಾಕ್ ಯಂತ್ರದ ಹುಡುಗಿ ತನ್ನ ಉರ್ದುವಿನಲ್ಲಿ ಉತ್ತರ ಕೊಡುತ್ತಾ ಹೋದಳು. ಕತ್ತರಿಸಿ ಕಟ್ಟಿಟ್ಟ ಕಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಪ್ರತಿ ಕಟ್ಟಿನ ಮೇಲೂ ಸೈಜು, ಪೀಸಿನ ಸಂಖ್ಯೆ ಬರೆದ ಚೀಟಿ ಇರುತ್ತದೆ. ಅದನ್ನು ಪಟ್ಟಿಯ ಜೊತೆ ಹೋಲಿಸಿದರು. ಪಟ್ಟಿಯಲ್ಲಿ ಸಾವಿರದ ಐನೂರು ಪೀಸು, ಕಣ್ಣೆದುರು ಇದ್ದದ್ದು ಅರ್ಧಕ್ಕಿಂತ ಕಡಿಮೆ. "ಉಳಿದದ್ದು?" ಎಂದರು. ಬಳ್ಳಾರಿ ಹೊರವಲಯದ ಮುಂಡರಗಿಯ ವಾಷಿಂಗ್ ಘಟಕದಲ್ಲಿ ಒಂದಷ್ಟು, ಮನೆಯಲ್ಲಿ ಹೊಲಿಯುವ ಹೆಂಗಸರ ಬಳಿ ಒಂದಷ್ಟು. ಪುರಾವೆ ಕೇಳಿದರು. ವಾಷಿಂಗಿನವರು ಕೊಟ್ಟ ಚೀಟಿ ತೆಗೆದು ತೋರಿಸಿದೆ: ತುಂಡು ಕಾಗದದ ಮೇಲೆ "640" ಎಂದು ಪೆನ್ನಿನಲ್ಲಿ ಗೀಚಿ ಕೆಳಗೊಂದು ಅಡ್ಡಗೆರೆ. ಸಹಿ ಇಲ್ಲ, ತಾರೀಖು ಇಲ್ಲ. ಬಳ್ಳಾರಿಯ ಜೀನ್ಸ್ ವ್ಯವಹಾರ ನಡೆಯುವುದೇ ಇಂಥ ಚೀಟಿಗಳ ಮೇಲೆ, ಇದುವರೆಗೂ ನನ್ನ ಒಂದು ಪೀಸೂ ಕಳೆದಿಲ್ಲ. ಅವರಿಗೆ ಹೇಗೆ ನಂಬಿಸುವುದು?

ಬೇರೆಯವರಾಗಿದ್ದರೆ ಅರ್ಧ ದಾಸ್ತಾನು ಹೊಡೆದುಹಾಕಿ ಹೋಗುತ್ತಿದ್ದರು. ಈತ ಬೈಕಿನಲ್ಲಿ ಮುಂಡರಗಿಗೆ ಬಂದರು. ಒದ್ದೆ ನೆಲದ ಮೇಲೆ ಬೂಟು ಎತ್ತೆತ್ತಿ ಇಡುತ್ತಾ, ಡ್ರೈಯರಿನಿಂದ ಬಿಸಿಬಿಸಿಯಾಗಿ ಹೊರಬಂದ ನನ್ನ ಪ್ಯಾಂಟುಗಳನ್ನು ಎಣಿಸಿದರು. ಸೊಂಟಪಟ್ಟಿಯೊಳಗೆ ನಮ್ಮ ಗುರುತಿಗೆ ಹಾಕುವ ಹಳದಿ ದಾರದ ಹೊಲಿಗೆಯನ್ನು ತೋರಿಸಿದಾಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಹೊರಡುವ ಮುಂಚೆ ಒಂದು ಮಾತು ಹೇಳಿದರು. ಹೊರಗೆ ಕೆಲಸಕ್ಕೆ ಮಾಲು ಕಳುಹಿಸುವಾಗ ಜಿಎಸ್‌ಟಿ ನಿಯಮದ ಪ್ರಕಾರ ಡೆಲಿವರಿ ಚಲನ್ ಬರೆಯಬೇಕು, ಆ ಚಲನ್ ಪುಸ್ತಕ ಇದ್ದರೆ ಎಲ್ಲಿ ಇದ್ದರೂ ಅದು ನಿಮ್ಮ ದಾಸ್ತಾನೇ, ಬ್ಯಾಂಕು ಒಪ್ಪಲೇಬೇಕು. ಮರುದಿನವೇ ಮುದ್ರಣಾಲಯಕ್ಕೆ ಹೋಗಿ ಮೂರು ಪ್ರತಿಯ ಚಲನ್ ಪುಸ್ತಕ ಮಾಡಿಸಿದೆ. ವಾಷಿಂಗಿನವರು ಮೊದಲು ಮುಖ ಗಂಟಿಕ್ಕಿದರು, ಈಗ ಅವರೇ ಪ್ರತಿಯನ್ನು ಕೇಳಿ ಪಡೆಯುತ್ತಾರೆ. ಮಿತಿ 5ರಿಂದ 8 ಲಕ್ಷಕ್ಕೆ ಏರಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಶಾಖೆಗೆ ಕೊಟ್ಟ ಎರಡೂವರೆ ಅಂಕದಲ್ಲಿ ಒಂದೂವರೆ ಈ ಅಧಿಕಾರಿಯದು.

ಅವರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರಿಗೆ ಜೀನ್ಸ್ ಎಂದರೆ ಅಂಗಡಿಯಲ್ಲಿ ತೂಗುಹಾಕಿರುವ ಜೀನ್ಸ್. ಮುಂಡರಗಿಯನ್ನು ಮತ್ತೆ ಮೊದಲಿನಿಂದ ವಿವರಿಸುತ್ತಿದ್ದೇನೆ. ಹೊಸಬರಿಗೆ ತೆಲುಗು ಚೆನ್ನಾಗಿ ಬರುತ್ತದೆ, ಬಳ್ಳಾರಿ ಮಾರುಕಟ್ಟೆಯಲ್ಲಿ ಅದು ಸಣ್ಣ ಅನುಕೂಲವಲ್ಲ, ಮಾತಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಹಳೆಯ ಅಧಿಕಾರಿ ಕಲಿತದ್ದು ಕಡತದಲ್ಲಿ ಎಲ್ಲಿಯೂ ಉಳಿಯದಿರುವುದರಲ್ಲಿ.

ಸಣ್ಣಪುಟ್ಟ ಕೊಕ್ಕೆಗಳು ಇನ್ನೂ ಇವೆ. ದಾಸ್ತಾನಿನ ವಿಮೆಯ ಕಂತನ್ನು ನನ್ನನ್ನು ಕೇಳದೆಯೇ ಖಾತೆಯಿಂದ ಮುರಿದುಕೊಂಡರು. ವಿಮೆ ಬೇಕು ನಿಜ, ಆದರೆ ಪಾಲಿಸಿಯ ಪ್ರತಿಯಲ್ಲಿ ನನ್ನ ಘಟಕದ ವಿಳಾಸ ತಪ್ಪಾಗಿತ್ತು. ಬೆಂಕಿ ಬಿದ್ದಿದ್ದರೆ ಯಾರ ಮನೆಗೆ ಪರಿಹಾರ ಹೋಗುತ್ತಿತ್ತೋ! ನವೀಕರಣದ ದಿನಾಂಕವನ್ನು ಶಾಖೆ ನೆನಪಿಸುವುದಿಲ್ಲ, ಅದು ಮೀರಿದರೆ ಖಾತೆ ಅನಿಯಮಿತ ಎಂದು ದಾಖಲಾಗಿ ಸಾಲದ ನಡತೆ ತೋರಿಸುವ ಸಿಬಿಲ್ ಅಂಕಕ್ಕೆ ಪೆಟ್ಟು. ಕಂತಿನ ಸಾಲದವರಿಗೆ ಒಂದು ಒಳ್ಳೆಯ ಸುದ್ದಿ: 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಸಣ್ಣ ಉದ್ಯಮಗಳಿಂದ ವಾಣಿಜ್ಯ ಬ್ಯಾಂಕುಗಳು ದಂಡ ವಸೂಲಿ ಮಾಡುವಂತಿಲ್ಲ.

ಗ್ರಾಮೀಣ ಬ್ಯಾಂಕಿಗೆ ಏಕೆ ಹೋಗಲಿಲ್ಲ ಎಂದು ಕೇಳುವವರಿದ್ದಾರೆ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ನಮ್ಮ ಊರಿನಲ್ಲೇ ಇದೆ. 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕಾಗಿ ಇಲ್ಲಿ ಹುಟ್ಟಿದ್ದು, ಪ್ರಗತಿ ಗ್ರಾಮೀಣ ಬ್ಯಾಂಕಾಗಿ, ಕಾವೇರಿ ಗ್ರಾಮೀಣ ಬ್ಯಾಂಕನ್ನು ಕೂಡಿಕೊಂಡು, 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಸೇರಿಸಿಕೊಂಡು ಇಡೀ ರಾಜ್ಯಕ್ಕೆ ಒಂದಾಗಿದೆ. ನಾನು ಬರೆಯುತ್ತಿರುವ ಶಾಖೆ ಅದರದ್ದಲ್ಲ. ನನ್ನ ಚಾಲ್ತಿ ಖಾತೆ ಮೊದಲಿನಿಂದ ಎಲ್ಲಿತ್ತೋ ಅಲ್ಲಿಯೇ ಸಾಲ ಕೇಳಿದೆ, ವಹಿವಾಟಿನ ಇತಿಹಾಸ ಅಲ್ಲಿತ್ತು ಎಂಬುದಷ್ಟೇ ಕಾರಣ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಸಾಲ ಎನ್ನುವ ಕಂಪನಿಗಳ ಬಡ್ಡಿ ನನಗೆ ಹೇಳಿದ್ದು ಶೇ 24ರ ಮೇಲೆ. ಗುಂಪು ಸಾಲಗಳ ಕಥೆ ನನ್ನ ಕೆಲಸಗಾರರ ಮನೆಗಳಲ್ಲೇ ಇದೆ; ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದ ಮೇಲೆ ಬಾಗಿಲ ಮುಂದೆ ಕೂಗಾಟ ಕಡಿಮೆಯಾಗಿದೆ, ವಾರದ ಕಂತು ಹಾಗೇ ಇದೆ.

ಅಂಕ ಕೊಡುವುದಾದರೆ ಸಿಸಿ ಖಾತೆಗೆ ಐದಕ್ಕೆ ನಾಲ್ಕು, ಶಾಖೆಗೆ ಎರಡೂವರೆ. ಜಿಎಸ್‌ಟಿ ರಿಟರ್ನ್ಸ್ ಇದ್ದು, ಹಣ ಉದ್ರಿಯಲ್ಲಿ ಸಿಕ್ಕಿಕೊಳ್ಳುವ ವ್ಯಾಪಾರ ಇರುವವರು ಕಣ್ಣುಮುಚ್ಚಿ ಹೋಗಬಹುದು. ಆದರೆ ಕಂತಿನ ಸಾಲ ಎಂದ ಕೂಡಲೇ ತಲೆಯಾಡಿಸಬೇಡಿ. ಶಾಖೆಗೆ ಬರೆದು ಕೊಟ್ಟ ದೂರಿಗೆ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ಸಹಾಯವಾಣಿ 14448. ಕಾಜಾ ಅಂಗಡಿಯ ಹೆಣ್ಣುಮಗಳಿಂದ ದೂರು ಬರೆಸಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೇವೆ.

ಹೋಗುವವರಿಗೆ: ತಿಂಗಳ ಮೊದಲ ವಾರ ಪಿಂಚಣಿದಾರರ ಸಾಲು ಬಾಗಿಲವರೆಗೂ ಇರುತ್ತದೆ, ಆಗ ಬೇಡ. ಸಾಲದ ಮೇಜು ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಪ್ರತಿ ಕಾಗದದ ಎರಡು ನಕಲು ಒಯ್ಯಿರಿ. ಎದುರಿನ ಜೆರಾಕ್ಸ್ ಅಂಗಡಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚಿರುತ್ತದೆ. ಅದರ ಪಕ್ಕದ ಗಾಡಿಯಲ್ಲಿ ಮಂಡಕ್ಕಿ ವಗ್ಗರಣೆ, ಮಿರ್ಚಿ ಚೆನ್ನಾಗಿರುತ್ತದೆ.